ಮನೋವ್ಯಾಧಿಗೆ ಹೊಸ ಮದ್ದು: ರಾಮನಗುಳಿಯ ಪತ್ರಕ್ಕೆ ಉತ್ತರ

ಶರೀರಕ್ಕೆ ಬಂದ ರೋಗವನ್ನು ಮನುಷ್ಯನು ಊರಿಗೆಲ್ಲ ಹೇಳಿಕೊಳ್ಳುತ್ತಾನೆ. ಮನಸ್ಸಿಗೆ ಬಂದ ರೋಗವನ್ನು ಮನೆಯವರಿಗೂ ಹೇಳಲಾರನು. ಆದುದರಿಂದಲೇ ನಮ್ಮ ಕಚೇರಿಗೆ ಬರುವ ಟಪ್ಪಾಲಿನಲ್ಲಿ ರಸ್ತೆ, ಸೇತುವೆ, ಅಡಕೆಯ ಧಾರಣೆಗಳ ವಿಷಯವಾಗಿ ನೂರು ಪತ್ರಗಳಿದ್ದರೆ ಮನೋವ್ಯಾಧಿಯ ವಿಷಯವಾಗಿ ಒಂದೂ ಇರುವುದಿಲ್ಲ. ಈಚೆಗೆ ರಾಮನಗುಳಿಯ ಕಡೆಯಿಂದ ಅಂಥದೊಂದು ಪತ್ರ ಬಂದಿದೆ. ಬರೆದವರು ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಕೋರಿದ್ದಾರೆ. ಆ ಕೋರಿಕೆಯನ್ನು ನಡೆಸಿಕೊಡುವುದು ನಮ್ಮ ಧರ್ಮ. ಆದರೆ ಅವರು ಕೇಳಿದ ಪ್ರಶ್ನೆಯು ಅವರೊಬ್ಬರದಲ್ಲವಾದ ಕಾರಣ ಉತ್ತರವನ್ನು ಎಲ್ಲ ವಾಚಕರ ಮುಂದೆಯೇ ಇಡುತ್ತೇವೆ.

ಪತ್ರದ ಸಾರಾಂಶವಿಷ್ಟು. ಗಂಗಾವಳಿಯ ದಂಡೆಯಲ್ಲಿ ಇವರ ಅಡಕೆಯ ತೋಟವಿದೆ. 2019ರ ಆಗಸ್ಟದ ಮಹಾಪೂರದಲ್ಲಿ ತೋಟಕ್ಕೆ ಹೂಳು ನುಗ್ಗಿತು. ಸಾಲ ತಂದು ಹೂಳು ತೆಗೆಸಿ ಹೊಸ ಸಸಿಗಳನ್ನು ನೆಟ್ಟರು; 2021ರ ಜುಲೈಯಲ್ಲಿ ಹೊಳೆ ಮತ್ತೆ ಏರಿ ಅವನ್ನೂ ಒಯ್ದಿತು. ತೋಟದ ಹೊಣೆಯೆಲ್ಲ ತಮ್ಮನ ಮೇಲಿತ್ತು. ಅಂದಿನಿಂದ ತಮ್ಮನು ಕ್ರಮೇಣ ಮಾತು ಬಿಟ್ಟನು, ಊಟ ಬಿಟ್ಟನು, ನಿದ್ದೆ ಬಿಟ್ಟನು. ದೈವದ ಮುಂದೆ ಕೇಳಿಸಿದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು. ಕೊನೆಗೆ ಡಾಕ್ಟರರ ಬಳಿಗೆ ಕರೆದೊಯ್ದು ಗುಳಿಗೆಗಳನ್ನು ತಂದರು. ಹದಿನೈದು ದಿವಸ ಕೊಟ್ಟು, ಗುಣ ಕಾಣಲಿಲ್ಲವೆಂದು ನಿಲ್ಲಿಸಿದರು. ಈಗ ಘಟ್ಟದ ಮೇಲಿನ ಪಟ್ಟಣದಲ್ಲಿರುವ ಪರಿಚಿತರೊಬ್ಬರು, "ಕೆಟಮಿನ್ ಎಂಬ ಹೊಸ ಇಂಜೆಕ್ಷನ್ ಬಂದಿದೆ, ಒಂದೇ ದಿವಸದಲ್ಲಿ ಮನಸ್ಸಿನ ಭಾರ ಇಳಿಯುತ್ತದೆ" ಎಂದು ಹೇಳಿದ್ದಾರೆ. ಖಾಸಗಿ ಚಿಕಿತ್ಸೆಗೆ ಬಹಳ ಹಣ ಬೇಕು. ಪತ್ರದ ಕೊನೆಯ ವಾಕ್ಯ ಹೀಗಿದೆ: "ತೋಟದ ಒಂದು ಭಾಗವನ್ನು ಮಾರಲೋ ಬೇಡವೋ ಎಂಬುದನ್ನು ತಾವು ತಿಳಿದು ಹೇಳಬೇಕು."

ನಾವು ವೈದ್ಯರಲ್ಲ. ಪಾಠಶಾಲೆಯ ವಿದ್ಯೆಯೂ ಮೆಟ್ರಿಕ್ಯುಲೇಶನ್ನೂ ಆದ ಮೇಲೆ ಅಚ್ಚಿನ ಮೊಳೆಗಳ ನಡುವೆ ಆಯುಷ್ಯ ಕಳೆದವರು. ಆದರೂ ತೋಟ ಮಾರುವ ಮಾತು ಬಂದಾಗ "ಇದು ನಮ್ಮ ಕಕ್ಷೆಯದಲ್ಲ" ಎಂದು ಪತ್ರವನ್ನು ಮಡಿಸಿಡುವುದು ಸಾಧ್ಯವಾಗಲಿಲ್ಲ. ತಿಳಿದವರನ್ನು ಕೇಳಿ, ಓದತಕ್ಕದ್ದನ್ನು ಓದಿ, ಖಚಿತವಾದದ್ದನ್ನು ಮಾತ್ರ ಇಲ್ಲಿ ಬರೆಯುತ್ತೇವೆ.

ಮೊದಲನೆಯದಾಗಿ, ಕೆಟಮಿನ್ ಹೊಸ ಮದ್ದಲ್ಲ. ಅಮೇರಿಕದ ಡೆಟ್ರಾಯಿಟ್ ನಗರದ ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಸ್ಟೀವನ್ಸ್ ಎಂಬವರು ಪಾರ್ಕ್ ಡೇವಿಸ್ ಕಂಪನಿಗಾಗಿ ಅದನ್ನು 1962ರಲ್ಲಿ ಸಿದ್ಧಪಡಿಸಿದರು. 1964ರಲ್ಲಿ ಎಡ್ವರ್ಡ್ ಡಾಮಿನೊ, ಗ್ಯುಂಟರ್ ಕಾರ್ಸೆನ್ ಎಂಬ ಇಬ್ಬರು ವೈದ್ಯರು ಅದನ್ನು ಮನುಷ್ಯರ ಮೇಲೆ ಪರೀಕ್ಷಿಸಿದರು. 1970ರಲ್ಲಿ ಅಮೇರಿಕದ ಸರಕಾರ ಅನುಮತಿ ಕೊಟ್ಟಿತು. ಅದು ಅರಿವಳಿಕೆಯ ಮದ್ದು. ಕೊಟ್ಟೊಡನೆ ರೋಗಿಗೆ ತನ್ನ ದೇಹದಿಂದ ತಾನೇ ಬೇರ್ಪಟ್ಟ ಅನುಭವವಾಗುತ್ತದೆ, ನೋವು ತಿಳಿಯುವುದಿಲ್ಲ. ಆದರೆ ಇತರ ಅರಿವಳಿಕೆಗಳಂತೆ ಉಸಿರಾಟ ಕುಗ್ಗುವುದು ಕಡಿಮೆ, ರಕ್ತದ ಒತ್ತಡವೂ ಬೀಳುವುದಿಲ್ಲ. ಈ ಗುಣದಿಂದಾಗಿ ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೂ ಬಡ ದೇಶಗಳ ಸಣ್ಣ ದವಾಖಾನೆಗಳಿಗೂ ಅದು ದೊಡ್ಡ ಆಧಾರವಾಯಿತು. ಜಾಗತಿಕ ಆರೋಗ್ಯ ಸಂಸ್ಥೆಯು 1985ರಲ್ಲಿ ಅದನ್ನು ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ನಾಡಿನ ಅನೇಕ ಶಸ್ತ್ರಕ್ರಿಯಾಗೃಹಗಳ ಕಪಾಟಿನಲ್ಲಿ ಆ ಸೀಸೆ ಇಂದಿಗೂ ಇದೆ. ಅದರ ಬೆಲೆಯೂ ಹೆಚ್ಚಿಲ್ಲ.

ಅದು ಮನೋವ್ಯಾಧಿಯ ಚಿಕಿತ್ಸೆಗೆ ಬಂದದ್ದು ಮೆಲ್ಲಮೆಲ್ಲನೆ. 1973ರಲ್ಲಿ ಇರಾನದ ಇಬ್ಬರು ವೈದ್ಯರು 100 ಮನೋರೋಗಿಗಳಿಗೆ ಕೊಟ್ಟು ನೋಡಿದ ವರದಿಯನ್ನು ಪ್ರಕಟಿಸಿದರು. ಆಗ ಲೋಕ ಅದನ್ನು ಅಷ್ಟಾಗಿ ಗಮನಿಸಲಿಲ್ಲ. 2000ದಲ್ಲಿ ಅಮೇರಿಕದ ಯೇಲ್ ವಿದ್ಯಾಪೀಠದ ವೈದ್ಯರು, ಅರಿವು ತಪ್ಪಿಸುವ ಪ್ರಮಾಣಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, 40 ನಿಮಿಷಗಳ ಕಾಲ ರಕ್ತನಾಳಕ್ಕೆ ತೊಟ್ಟುತೊಟ್ಟಾಗಿ ಹರಿಸಿ ಖಿನ್ನತೆಯ ರೋಗಿಗಳನ್ನು ಪರೀಕ್ಷಿಸಿದರು. ಪ್ರಯೋಗವನ್ನು ಪೂರ್ಣಗೊಳಿಸಿದವರು ಕೇವಲ 7 ಮಂದಿ; ಆದರೆ ವಾರಗಟ್ಟಲೆ ಕಾಯಬೇಕಾಗಿದ್ದ ಗುಣ ದಿವಸಗಳೊಳಗೆ ಕಂಡಿತು. 2006ರಲ್ಲಿ ಅಮೇರಿಕದ ಸರಕಾರಿ ಸಂಶೋಧನಾಲಯದ ಡಾ. ಕಾರ್ಲೋಸ್ ಝರಾಟೆಯವರು, ಬೇರೆ ಮದ್ದುಗಳಿಂದ ಗುಣವಾಗದ 18 ರೋಗಿಗಳನ್ನು ಆರಿಸಿ ಅದೇ ಕ್ರಮದಲ್ಲಿ ಪರೀಕ್ಷಿಸಿದರು. ಮರುದಿನ ನೂರಕ್ಕೆ 71ರಷ್ಟು ಜನರಿಗೆ ಗುಣ ಕಂಡಿತು. ಪತ್ರ ಬರೆದ ಮಹಾಶಯರಿಗೆ ಪರಿಚಿತರು ಹೇಳಿದ ಮಾತು ಇಲ್ಲಿಯವರೆಗೆ ಸುಳ್ಳಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇದೆ: ಒಂದು ವಾರದವರೆಗೆ ಆ ಗುಣ ಉಳಿದದ್ದು ನೂರಕ್ಕೆ 35ರಷ್ಟು ಜನರಲ್ಲಿ. ಮೊದಲನೆಯ ಅಂಕಿ ಊರೂರಿಗೆ ತಲುಪಿದೆ. ಎರಡನೆಯದು ಘಟ್ಟ ಇಳಿಯಲಿಲ್ಲ.

ಈ ಎರಡನೆಯ ಅಂಕಿಯ ಮಹತ್ವವನ್ನು ತಿಳಿಯಬೇಕಾದರೆ ನಮ್ಮ ನಾಡಿನದೇ ಎರಡು ಹಳೆಯ ಸಂಗತಿಗಳನ್ನು ನೆನೆಯಬೇಕಾಗುತ್ತದೆ.

ಒಂದು ಸಂಗತಿ ನಮ್ಮ ಸಹ್ಯಾದ್ರಿಯ ಕಾಡಿನಲ್ಲಿಯೂ ಬೆಳೆಯುವ ಸರ್ಪಗಂಧಿಯ ಬೇರಿನದು. ಬಿಹಾರದ ಕಡೆ ಆ ಬೇರು 'ಹುಚ್ಚಿನ ಮದ್ದು' ಎಂದೇ ಸಂತೆಯಲ್ಲಿ ಮಾರಾಟವಾಗುತ್ತಿತ್ತು. 1931ರಲ್ಲಿ ಕಲಕತ್ತೆಯ ಗಣನಾಥ ಸೇನ, ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಅದು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಉಪಯೋಗಕರವೆಂದು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಆ ಬೇರಿನಿಂದ ರೆಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. 1954ರಲ್ಲಿ ನ್ಯೂಯಾರ್ಕಿನ ಡಾ. ನಾಥನ್ ಕ್ಲೈನ್ ಅದರ ಗುಣವನ್ನು ಸಾರಿದರು. ಮದ್ದು ಲೋಕಪ್ರಸಿದ್ಧವಾಯಿತು. ಕೆಲವೇ ವರ್ಷಗಳಲ್ಲಿ ಅದನ್ನು ಸೇವಿಸಿದವರಲ್ಲಿ ಕೆಲವರಿಗೆ ತೀವ್ರ ಖಿನ್ನತೆ ಬರುತ್ತದೆಂಬ ವರದಿಗಳು ಬಂದವು. ಬೇರೆ ಮದ್ದುಗಳು ಬಂದು ಅದರ ಸ್ಥಾನವನ್ನು ಹಿಡಿದವು. ಉನ್ಮಾದವನ್ನು ಶಾಂತಗೊಳಿಸಿದ ಮದ್ದೇ ಮನಸ್ಸನ್ನು ಕತ್ತಲೆಗೆ ದೂಡಬಲ್ಲದೆಂಬ ಶಂಕೆ ಹುಟ್ಟಿದ್ದು ಮೊದಲ ದಿವಸದ ಸಂತೋಷದಲ್ಲಿ ಅಲ್ಲ, ತಿಂಗಳುಗಟ್ಟಲೆ ರೋಗಿಯನ್ನು ಗಮನಿಸಿದವರ ಟಿಪ್ಪಣಿಯಲ್ಲಿ.

ಇನ್ನೊಂದು ಸಂಗತಿ ಬೆಂಗಳೂರಿನ ಡಾ. ಎಂ. ವಿ. ಗೋವಿಂದಸ್ವಾಮಿಯವರದು. ಮೈಸೂರು ಸಂಸ್ಥಾನದ ಹುಚ್ಚರ ಆಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಮರ್ಯಾದೆಯ ಹೆಸರನ್ನು ಪಡೆಯಿತು. ಆ ಆಸ್ಪತ್ರೆಯ ಮುಖ್ಯಾಧಿಕಾರಿಗಳಾಗಿದ್ದ ಗೋವಿಂದಸ್ವಾಮಿಯವರು ಯುರೋಪದಲ್ಲಿ ಹೊಸದಾಗಿ ಹೊರಟ ಚಿಕಿತ್ಸೆಗಳನ್ನು ಬಹು ಬೇಗನೆ ಕನ್ನಡ ನಾಡಿಗೆ ತಂದರು: ವಿಯೆನ್ನಾದ ಇನ್ಸುಲಿನ್ ಚಿಕಿತ್ಸೆ, ಬುಡಾಪೆಸ್ಟಿನ ಕಾರ್ಡಿಯಜಾಲ್ ಚಿಕಿತ್ಸೆ, ಪೋರ್ತುಗಾಲದ ಮಿದುಳಿನ ಶಸ್ತ್ರಕ್ರಿಯೆ. ಈ ಶಸ್ತ್ರಕ್ರಿಯೆಯ ಫಲಿತಾಂಶವನ್ನು ಅವರೂ ಡಾ. ಬಾಲಕೃಷ್ಣರಾಯರೂ ಕೂಡಿ 1944ರಲ್ಲಿ ಲಂಡನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1954ರಲ್ಲಿ ಆ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ, ಇಂದು ದೇಶವೇ ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯಾಯಿತು.

ಆ ಕಾಲದ ಹೊಸ ಚಿಕಿತ್ಸೆಗಳ ಗತಿ ಮುಂದೆ ಏನಾಯಿತು? ಇನ್ಸುಲಿನ್ ಚಿಕಿತ್ಸೆ ನಿಂತುಹೋಯಿತು. ಕಾರ್ಡಿಯಜಾಲ್ ನಿಂತುಹೋಯಿತು. ಮಿದುಳಿನ ಶಸ್ತ್ರಕ್ರಿಯೆಗೆ ಪೋರ್ತುಗಾಲದ ಎಗಾಸ್ ಮೊನಿಸರಿಗೆ 1949ರಲ್ಲಿ ನೊಬೆಲ್ ಪಾರಿತೋಷಕವೇ ದೊರೆತಿತ್ತು. ಅದೂ ಹಿಂದೆ ಬಿತ್ತು. 1938ರಲ್ಲಿ ರೋಮಿನಲ್ಲಿ ಆರಂಭವಾದ ವಿದ್ಯುತ್ ಚಿಕಿತ್ಸೆಯೊಂದು ಮಾತ್ರ, ಅರಿವಳಿಕೆಯೊಂದಿಗೆ ಕೊಡುವ ಸುಧಾರಿತ ರೂಪದಲ್ಲಿ, ಇಂದಿಗೂ ಉಳಿದಿದೆ. ಇದನ್ನು ನಾವು ಗೋವಿಂದಸ್ವಾಮಿಯವರ ತಪ್ಪೆಂದು ಎಣಿಸುತ್ತಿಲ್ಲ. ರೋಗಿಗಳನ್ನು ಗೋಡೆಯೊಳಗೆ ಕೂಡಿಹಾಕುವುದೇ ಚಿಕಿತ್ಸೆಯೆನ್ನುತ್ತಿದ್ದ ಕಾಲದಲ್ಲಿ, ಇವರಿಗೂ ಗುಣವಾಗಬಹುದೆಂದು ನಂಬಿ ಕೈಹಾಕಿದ ಧೈರ್ಯ ಅವರದು. ಮಾಡಿದ್ದನ್ನು ಬರೆದಿಟ್ಟು ಲೋಕದ ಮುಂದೆ ಇಟ್ಟರೆಂಬುದು ಅವರ ಹಿರಿಮೆ. ಹಾಗೆ ಬರೆದಿಟ್ಟವರಿದ್ದುದರಿಂದಲೇ ಯಾವುದು ಉಳಿಯತಕ್ಕದ್ದು, ಯಾವುದು ಹೋಗತಕ್ಕದ್ದು ಎಂಬುದು ಮುಂದಿನವರಿಗೆ ತಿಳಿಯಿತು.

ಕೆಟಮಿನ್ನಿನ ವಿಷಯದಲ್ಲಿ ಇಂಥ ಲೆಕ್ಕವನ್ನು ನೋಡಿದವರು ನಿಮ್ಹಾನ್ಸಿನಲ್ಲಿಯೇ ಇದ್ದಾರೆ. ಅಲ್ಲಿ ದಶಕಗಳ ಕಾಲ ಮನೋರೋಗಗಳ ಔಷಧಶಾಸ್ತ್ರದಲ್ಲಿ ಕೆಲಸ ಮಾಡಿದ ಡಾ. ಚಿತ್ತರಂಜನ್ ಆಂದ್ರಾದೆಯವರು ಹಿಂದೆ ವಿದ್ಯುತ್ ಚಿಕಿತ್ಸೆಯಿಂದಾಗುವ ಮರೆವಿನ ಬಗೆಗೂ, ಆ ಮರೆವನ್ನು ದೇಶೀಯ ಮೂಲಿಕೆಗಳ ಮದ್ದಿನಿಂದ ತಡೆಯಬಹುದೇ ಎಂಬುದರ ಬಗೆಗೂ ಸಂಶೋಧನೆ ನಡೆಸಿದವರು. 2017ರಲ್ಲಿ ಅವರು ಅಮೇರಿಕದ ವೈದ್ಯಪತ್ರಿಕೆಯೊಂದರಲ್ಲಿ ಕೆಟಮಿನ್ನಿನ ವಿಷಯವಾಗಿ ಲೇಖನಮಾಲೆಯನ್ನೇ ಬರೆದರು. ಯಾರಿಗೆ ಕೊಡಬೇಕು, ಎಷ್ಟು ಪ್ರಮಾಣ, ಯಾವ ಮಾರ್ಗದಿಂದ, ಎಷ್ಟು ಹೊತ್ತು, ಎಷ್ಟು ಸಲ, ಬೇರೆ ಮದ್ದುಗಳೊಂದಿಗೆ ಕೂಡಿದರೆ ಏನಾಗುತ್ತದೆ ಎಂದು ಒಂದೊಂದನ್ನೂ ಬಿಡಿಸಿ ವಿಚಾರಿಸಿದರು. 2019ರಲ್ಲಿ, ಅದನ್ನು ಬಾಯಿಯ ಮೂಲಕ ಕೊಡುವ ಸಾಧ್ಯತೆಯನ್ನೂ ಪರಿಶೀಲಿಸಿದರು. ಹೊಸ ಮದ್ದನ್ನು ಹೊಗಳುವವರೂ ತೆಗಳುವವರೂ ಬಹಳ; ಅದನ್ನು ತೂಗಿ ನೋಡುವವರು ವಿರಳ.

ಹಾಗಾದರೆ ಇಂದಿನ ತೂಕ ಏನು ಹೇಳುತ್ತದೆ? ಗುಣಪಕ್ಷದಲ್ಲಿ ಇಷ್ಟಿದೆ. ಹಳೆಯ ಖಿನ್ನತೆಯ ಮದ್ದುಗಳಿಂದ ಪೂರ್ಣ ಗುಣ ತೋರಲು ನಾಲ್ಕರಿಂದ ಆರು ವಾರ ಬೇಕು. ಕೆಟಮಿನ್ ಗ್ಲುಟಮೇಟ್ ಎಂಬ ಬೇರೊಂದು ಮಿದುಳಿನ ದ್ರವ್ಯದ ಮಾರ್ಗವಾಗಿ ಕೆಲಸ ಮಾಡುವುದರಿಂದ ಗಂಟೆಗಳಲ್ಲಿ ಗುಣ ತೋರಬಹುದು. ಬದುಕೇ ಬೇಡವೆಂಬ ಘೋರ ವಿಚಾರಕ್ಕೆ ಸಿಕ್ಕವರ ವಿಷಯದಲ್ಲಿ ಈ ಶೀಘ್ರತೆಯ ಬೆಲೆ ಕಟ್ಟಲಾಗದು. 2023ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, ಭ್ರಮೆಗಳಿಲ್ಲದ ಹಠಮಾರಿ ಖಿನ್ನತೆಯ ರೋಗಿಗಳ ಪೈಕಿ, ಮೂರು ವಾರಗಳ ಕೆಟಮಿನ್ ಚಿಕಿತ್ಸೆಯಿಂದ ನೂರಕ್ಕೆ 55ರಷ್ಟು ಜನರಿಗೂ ವಿದ್ಯುತ್ ಚಿಕಿತ್ಸೆಯಿಂದ ನೂರಕ್ಕೆ 41ರಷ್ಟು ಜನರಿಗೂ ಗುಣ ಕಂಡಿತು. ಇದು ಅಲಕ್ಷಿಸತಕ್ಕ ಸಂಗತಿಯಲ್ಲ.

ದೋಷಪಕ್ಷದಲ್ಲಿಯೂ ಇಷ್ಟೇ ಇದೆ. ಒಂದು ಸಲದ ಗುಣ ಬಹಳ ದಿವಸ ನಿಲ್ಲದ ಕಾರಣ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಕೊಟ್ಟಾಗ ರಕ್ತದ ಒತ್ತಡ ಏರುತ್ತದೆ, ಮನಸ್ಸು ದಿಕ್ಕು ತಪ್ಪುತ್ತದೆ. ಚಟಕ್ಕೆ ಬಿದ್ದು ಬಹುಕಾಲ ಸೇವಿಸಿದವರ ಮೂತ್ರಕೋಶ ಹುಣ್ಣಾಗುತ್ತದೆ. 2019ರಲ್ಲಿ ಅಮೇರಿಕದ ಸರಕಾರ ಇದರದೇ ಒಂದು ರೂಪವನ್ನು ಮೂಗಿನ ಮೂಲಕ ಕೊಡಲು ಒಪ್ಪಿಗೆ ಕೊಟ್ಟಾಗಲೂ, ವೈದ್ಯರ ಕಣ್ಣೆದುರಿಗೇ ಕೊಡಬೇಕು, ಕನಿಷ್ಠ ಎರಡು ಗಂಟೆ ರೋಗಿಯನ್ನು ಕಾಯಬೇಕು ಎಂದು ಕಟ್ಟುಮಾಡಿತು. ಕಾವಲು ತಪ್ಪಿದಲ್ಲಿ ಆಗುವ ಅನರ್ಥಕ್ಕೆ ಉದಾಹರಣೆ ದೂರವಿಲ್ಲ: 2023ರ ಅಕ್ಟೋಬರದಲ್ಲಿ ಅಮೇರಿಕದ ಪ್ರಖ್ಯಾತ ನಟ ಮ್ಯಾಥ್ಯೂ ಪೆರಿ ಇದೇ ಮದ್ದಿನ ಪರಿಣಾಮದಿಂದ ತೀರಿಕೊಂಡರು, 2024ರಲ್ಲಿ ಇಬ್ಬರು ಡಾಕ್ಟರರೂ ಸೇರಿ ಐವರ ಮೇಲೆ ಖಟ್ಲೆ ಹೂಡಲಾಯಿತು. ನಮ್ಮ ದೇಶದಲ್ಲಿಯೂ 2011ರಲ್ಲಿ ಇದನ್ನು ಮಾದಕ ದ್ರವ್ಯಗಳ ಕಾಯದೆಗೆ ಒಳಪಡಿಸಲಾಯಿತು. 2013ರ ಡಿಸೆಂಬರದಲ್ಲಿ ಔಷಧ ನಿಯಮಗಳ 'ಎಕ್ಸ್' ಪರಿಶಿಷ್ಟಕ್ಕೆ ಸೇರಿಸಲಾಯಿತು. ಎಂದರೆ ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು, ಒಂದನ್ನು ಅಂಗಡಿಯವನು ಎರಡು ವರ್ಷ ಕಾದಿಡಬೇಕು.

ಇದಿಷ್ಟರಿಂದ ನಮಗೆ ತೋರುವ ಸತ್ಯ ಒಂದೇ. ಈ ಚಿಕಿತ್ಸೆಯಲ್ಲಿ ಸೀಸೆ ಅಗ್ಗ, ಕಾವಲು ದುಬಾರಿ. ಸೂಜಿ ಚುಚ್ಚುವುದು ಯಾರಿಗೂ ಬಂದೀತು, ಚುಚ್ಚುವ ಮುನ್ನ ಇದು ಯಾವ ಬಗೆಯ ಖಿನ್ನತೆಯೆಂದು ತಿಳಿಯುವವರು, ಚುಚ್ಚಿದ ಮೇಲೆ ಪಕ್ಕದಲ್ಲಿ ಕೂಡ್ರುವವರು, ಆರು ತಿಂಗಳ ನಂತರ "ಈಗ ಹೇಗಿದ್ದಾನೆ?" ಎಂದು ಕೇಳಿ ಬರೆದಿಡುವವರು ಬೇಕು. ಯಾವ ವ್ಯಾಪಾರಿಯೂ ಮೊದಲ ದಿವಸದ ಗಲ್ಲೆಯನ್ನು ನೋಡಿ ಲಾಭವೆಂದು ಹೇಳುವುದಿಲ್ಲ. ವರ್ಷಾಂತ್ಯದ ಖಾತೆಯನ್ನು ನೋಡಿ ಹೇಳುತ್ತಾನೆ. ರೋಗಿಯ ವಿಷಯದಲ್ಲಿ ಮಾತ್ರ ನಾವು ಮೊದಲ ದಿವಸದ ನಗುವಿಗೆ ತೋಟ ಮಾರಲು ಹೊರಡುತ್ತೇವೆ.

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ, ಪತ್ರಿಕೆಯ ಕಾಗದದ ಬಾಕಿ ತೀರಿಸುವುದೇ ಕಷ್ಟವಾಗಿದ್ದಾಗ, ಚಿತ್ತಚಾಂಚಲ್ಯವನ್ನು ಮೂರು ದಿವಸಗಳಲ್ಲಿ ಕಳೆಯುವೆವೆಂಬ ಜಾಹೀರಾತೊಂದನ್ನು ನಾವು ಎರಡು ತಿಂಗಳು ಪ್ರಕಟಿಸಿದೆವು. ಅದನ್ನು ಓದಿ ಹಣ ಕಳಕೊಂಡ ವೃದ್ಧರೊಬ್ಬರು ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂತರು. ಅವರು ಬೈಯಲಿಲ್ಲ, "ನಿಮ್ಮ ಪತ್ರಿಕೆಯಲ್ಲಿ ಬಂದದ್ದಲ್ಲವೇ" ಎಂದಷ್ಟೇ ಹೇಳಿದರು. ಅಂದಿನಿಂದ ಅಂಥ ಜಾಹೀರಾತಿಗೆ ನಮ್ಮ ಪುಟದಲ್ಲಿ ಸ್ಥಳವಿಲ್ಲ. ಪವಾಡದ ಮದ್ದುಗಳ ಜಾಹೀರಾತನ್ನು ನಿಷೇಧಿಸುವ ಕಾಯದೆ 1954ರಿಂದಲೂ ಇದೆ. ಆದರೆ ಆ ಮಾತು ನಮಗೆ ನಾಟಿದ್ದು ಕಾಯದೆಯಿಂದಲ್ಲ.

ಈಗ ಪತ್ರ ಬರೆದ ಮಹಾಶಯರಿಗೆ ನೇರವಾದ ಉತ್ತರ. ತೋಟವನ್ನು ಈಗ ಮಾರಬೇಡಿರಿ. ತಮ್ಮನವರಿಗೆ ಗುಳಿಗೆಗಳಿಂದ ಗುಣವಾಗಲಿಲ್ಲವೆಂದು ತಾವು ಬರೆದಿರುವಿರಿ. ಆದರೆ ನಾಲ್ಕಾರು ವಾರ ಬೇಕಾದ ಮದ್ದನ್ನು ಹದಿನೈದು ದಿವಸಕ್ಕೇ ನಿಲ್ಲಿಸಿರುವಿರಿ. ಅದು ಮದ್ದಿನ ಸೋಲಲ್ಲ. ಮದ್ದಿಗೆ ಅವಕಾಶವೇ ಸಿಕ್ಕಿಲ್ಲ. ಒಂದರ ಬಳಿಕ ಒಂದರಂತೆ ಎರಡು ಮದ್ದುಗಳನ್ನು ತಕ್ಕ ಪ್ರಮಾಣದಲ್ಲಿ ತಕ್ಕಷ್ಟು ಕಾಲ ಕೊಟ್ಟರೂ ಗುಣ ಕಾಣದಿದ್ದಾಗಲೇ ವೈದ್ಯರು ರೋಗವನ್ನು ಹಠಮಾರಿಯೆಂದು ಕರೆಯುತ್ತಾರೆ. ಕೆಟಮಿನ್ನಿನ ಮಾತು ಸಾಮಾನ್ಯವಾಗಿ ಆ ಮೇಲಿನದು. ಆದಕಾರಣ ಮೊದಲು ಆ ಡಾಕ್ಟರರ ಬಳಿಗೇ ಮರಳಿ ಹೋಗಿ ನಡೆದದ್ದನ್ನು ಮುಚ್ಚದೆ ಹೇಳಿರಿ. ಅಂಕೋಲೆಯ ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿವಸ ಬರುತ್ತಾರೆಂದು ವಿಚಾರಿಸಿರಿ. ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ 'ಮನೋಚೈತನ್ಯ' ಎಂಬ ಯೋಜನೆಯನ್ನು ಕರ್ನಾಟಕ ಸರಕಾರ 2014ರಲ್ಲಿ ಆರಂಭಿಸಿದೆ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ. ಇದರಿಂದಲೂ ಆಗದಿದ್ದಲ್ಲಿ ಅರಬೈಲ್ ಘಟ್ಟ ಹತ್ತಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸಿಗೋ ಡಾಕ್ಟರರ ಚೀಟಿಯೊಂದಿಗೆ ಹೋಗಿರಿ. ಕೆಟಮಿನ್ ಬೇಕೋ ವಿದ್ಯುತ್ ಚಿಕಿತ್ಸೆ ಬೇಕೋ ಎರಡೂ ಬೇಡವೋ ಎಂಬುದನ್ನು ಅಲ್ಲಿ ರೋಗಿಯನ್ನು ನೋಡಿದವರು ನಿರ್ಣಯಿಸಲಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇವೆ. ತಮ್ಮನವರ ಬಾಯಿಂದ ಬದುಕು ಸಾಕೆಂಬ ಮಾತು ಒಮ್ಮೆಯಾದರೂ ಬಂದಿದ್ದರೆ ಈ ಪತ್ರಿಕೆಯನ್ನು ಕೆಳಗಿಟ್ಟು ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅವರನ್ನು ಒಂಟಿಯಾಗಿ ಬಿಡಬೇಡಿರಿ. 2022ರ ಅಕ್ಟೋಬರ 10ರಂದು ಕೇಂದ್ರ ಸರಕಾರ ಆರಂಭಿಸಿದ 'ಟೆಲಿ ಮಾನಸ್' ದೂರವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲಿಯಾದರೂ, ಖರ್ಚಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಅಂಥ ಮಾತನ್ನು ಆಡುವವನಿಗೆ ಬೇಕಾದದ್ದು ಬುದ್ಧಿವಾದವಲ್ಲ, ಜೊತೆ.

ಅಧಿಕಾರಿಗಳಿಗೂ ನಮ್ಮದೊಂದು ಬಿನ್ನಹವಿದೆ. ನಿಮ್ಹಾನ್ಸಿನ ಮುಂದಾಳುತನದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯು ವಯಸ್ಕರಲ್ಲಿ ನೂರಕ್ಕೆ 10.6ರಷ್ಟು ಜನ ಮನೋವ್ಯಾಧಿಯಿಂದ ಬಳಲುತ್ತಿದ್ದರೆಂದೂ, ಬೇರೆ ಬೇರೆ ರೋಗಗಳಲ್ಲಿ ನೂರಕ್ಕೆ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ತಲುಪಿರಲಿಲ್ಲವೆಂದೂ ಹೇಳಿತು. ಬೆಂಗಳೂರಿನ ಬಳಿಯ ಸಕಲವಾರದಲ್ಲಿ 1970ರ ದಶಕದಲ್ಲಿಯೂ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿಯೂ ಹಳ್ಳಿಗೇ ಮನೋಚಿಕಿತ್ಸೆಯನ್ನು ಒಯ್ಯುವ ಮಾರ್ಗವನ್ನು ದೇಶಕ್ಕೆ ತೋರಿಸಿದ್ದು ನಮ್ಮ ಕನ್ನಡ ನಾಡೇ. ಆ ಮಾರ್ಗ ಗಂಗಾವಳಿಯ ದಂಡೆಯವರೆಗೆ ಪೂರ್ಣವಾಗಿ ಬರಲಿ. ಹೊಳೆ ಉಕ್ಕಿದಾಗ ಸರಕಾರವು ಬಿದ್ದ ಮನೆಗಳನ್ನೂ ಹೋದ ಮರಗಳನ್ನೂ ಎಣಿಸುತ್ತದೆ. 2019, 2021ರ ನೆರೆಗಳಲ್ಲಿಯೂ, 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗಲೂ ನಷ್ಟವಾದದ್ದು ಅಷ್ಟೇ ಅಲ್ಲ. ಪಂಚನಾಮೆಗೆ ಬಂದವರ ಜೊತೆಗೆ, ಆರು ತಿಂಗಳಾದ ಮೇಲೆ ಮತ್ತೊಮ್ಮೆ ಆ ಮನೆಗಳಿಗೆ ಹೋಗಿ, ಊಟ ಬಿಟ್ಟವರು ಯಾರು, ಮಾತು ಬಿಟ್ಟವರು ಯಾರು ಎಂದು ಕೇಳುವ ಒಬ್ಬ ಆರೋಗ್ಯ ಕಾರ್ಯಕರ್ತೆಯೂ ಬರಲಿ. ಹೊಸ ಮದ್ದನ್ನು ಕೊಡುವ ಆಸ್ಪತ್ರೆಗಳು, ಸರಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಬ್ಬ ರೋಗಿಯ ಆರು ತಿಂಗಳ ಸ್ಥಿತಿಯನ್ನು, ಹೆಸರು ಬಿಟ್ಟು, ಪ್ರಕಟಿಸಬೇಕೆಂದು ಕಟ್ಟುಮಾಡಲಿ.

ರಾಮನಗುಳಿಗೆ ಇಂದು ಬೇಕಾದದ್ದು ಕೆಟಮಿನ್ನಿನ ಸೀಸೆಯಲ್ಲ. ವಾರಕ್ಕೊಮ್ಮೆ ತಪ್ಪದೆ ಸಿಗುವ ಡಾಕ್ಟರರು, ನಡುವೆ ನಿಲ್ಲದ ಗುಳಿಗೆ, ಬರೆದಿಡುವ ಒಂದು ಪುಸ್ತಕ. ಇಷ್ಟಿದ್ದ ಮೇಲೆ ಆ ಸೀಸೆಯೂ ಬೇಕಾದವರಿಗೆ ಬೇಕಾದ ಹೊತ್ತಿಗೆ ಒದಗೀತು. ತಮ್ಮನವರಿಗೆ ಹೇಗಿದೆಯೆಂಬುದನ್ನು ಪತ್ರ ಬರೆದ ಮಹಾಶಯರು ಆರು ವಾರಗಳ ನಂತರ ನಮಗೆ ತಿಳಿಸಬೇಕೆಂದು ಕೋರುತ್ತೇವೆ. ಆ ಪತ್ರದ ದಾರಿಯನ್ನು ನಾವು ಕಾಯುತ್ತಿರುತ್ತೇವೆ.